ಅಂಡಾಶಯದ ಗಡ್ಡೆಗೆ ಎರಡು ಕಡೆ ಸ್ಕ್ಯಾನ್ ಮಾಡಿಸಿದೆ: ನನ್ನ ಅನುಭವ

ಮೊದಲ ರಿಪೋರ್ಟಿನಲ್ಲಿ ಇದ್ದದ್ದು ಮೂರು ಸಾಲು. ಎರಡನೆಯದರಲ್ಲಿ ಎರಡು ಪುಟ. ಗಡ್ಡೆ ಅದೇ, ಹೊಟ್ಟೆ ಅದೇ, ನಡುವೆ 9 ದಿನ. ಆ 9 ದಿನ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ಸೆಂಟರಿನ ಹೆಸರನ್ನೂ ಹಾಕುತ್ತಿಲ್ಲ. ನಿಮ್ಮ ಊರಲ್ಲಿ ನೀವು ಹೋಗುವ ಸೆಂಟರ್ ಬೇರೆಯೇ ಇರುತ್ತದೆ. ಒಳ್ಳೆಯ ಸ್ಕ್ಯಾನ್ ಅಂದರೆ ಏನೇನು ಮಾಡುತ್ತಾರೆ ಅಂತ ಗೊತ್ತಿದ್ದರೆ ಸಾಕು, ಎಲ್ಲಿ ಹೋದರೂ ಕೇಳಿ ಪಡೆಯಬಹುದು.

ನನಗೆ 43 ವರ್ಷ. ದಾವಣಗೆರೆಯ ನಿಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಇಬ್ಬರು ಮಕ್ಕಳು. ಮುಟ್ಟಿನ ಹೊಟ್ಟೆನೋವು ಮದುವೆಗೆ ಮುಂಚಿನಿಂದಲೂ ಇತ್ತು. ಎರಡು ವರ್ಷದಿಂದ ಅದು ಜಾಸ್ತಿಯಾಗಿ, ಮಷಿನ್ ಮುಂದೆ ಕೂರಲು ಆಗದ ದಿನಗಳೂ ಬಂದವು. ಆದರೂ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೋದದ್ದು ಬೇರೆ ದಾರಿಯಿಂದ.

ಒಂದು ಲ್ಯಾಬಿನವರು ಹೆಣ್ಣುಮಕ್ಕಳಿಗೆ ಅಂತ ಕ್ಯಾನ್ಸರ್ ಪ್ಯಾಕೇಜ್ ಮಾಡಿದ್ದರು. 2,499 ರೂಪಾಯಿ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಓಣಿಯ ಐದಾರು ಜನ ಸೇರಿ ಮಾಡಿಸಿದೆವು. ಅದರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಂತ ನೋಡುವ ಸಿಎ-125 ಅನ್ನುವ ಒಂದು ಟೆಸ್ಟ್ ಇತ್ತು. 35ರ ಒಳಗೆ ಇರಬೇಕು, ನನಗೆ 86 ಬಂತು. ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ ಆ ಸಂಖ್ಯೆ ಕೆಂಪು ಅಕ್ಷರದಲ್ಲಿತ್ತು. ಪಕ್ಕದಲ್ಲಿ ಒಂದು ಮಾತಿನ ವಿವರಣೆಯೂ ಇರಲಿಲ್ಲ. ಫೋನ್ ಮಾಡಿದರೆ, ಡಾಕ್ಟರಿಗೆ ತೋರಿಸಿ ಅಂದರು.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ರಕ್ತ ಕೊಟ್ಟ ದಿನ ನನ್ನ ಮುಟ್ಟಿನ ಎರಡನೇ ದಿನ. ಮುಟ್ಟಿನಲ್ಲಿ ಸಿಎ-125 ಏರುತ್ತದೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಬೇರೆ ಕಡೆ ಬೆಳೆಯುವ ಕಾಯಿಲೆ) ಇದ್ದರೆ ಏರುತ್ತದೆ, ಫೈಬ್ರಾಯ್ಡ್ (ಗರ್ಭಕೋಶದ ಗಂಟು) ಇದ್ದರೂ ಏರಬಹುದು. ಬಸುರಿಯಲ್ಲಿ ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ಕ್ಯಾನ್ಸರ್‌ನಷ್ಟೇ ಏರಿ, ಹೊಟ್ಟೆಯಲ್ಲಿ ನೀರೂ ತುಂಬಿ, ಡಾಕ್ಟರುಗಳನ್ನೇ ಗೊಂದಲಕ್ಕೆ ಹಾಕುತ್ತದಂತೆ. ಇನ್ನೊಂದು ಕಡೆ, ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿದ್ದಾಗ ಸುಮಾರು ಅರ್ಧದಷ್ಟು ಜನರಲ್ಲಿ ಈ ಟೆಸ್ಟ್ ಏರುವುದೇ ಇಲ್ಲ. ಅಂದರೆ 86 ಬಂದವಳಿಗೆ ಕ್ಯಾನ್ಸರ್ ಅಂತಲೂ ಅಲ್ಲ, 20 ಬಂದವಳು ನಿಶ್ಚಿಂತೆ ಅಂತಲೂ ಅಲ್ಲ. ಬ್ರಿಟನ್ನಿನಲ್ಲಿ ತೊಂದರೆ ಏನೂ ಇಲ್ಲದ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಈ ಟೆಸ್ಟನ್ನು ವರ್ಷವರ್ಷ ಮಾಡಿ, ಇನ್ನೊಂದು ಗುಂಪಿಗೆ ಬರೀ ಸ್ಕ್ಯಾನ್ ಮಾಡಿ, ಉಳಿದವರಿಗೆ ಏನೂ ಮಾಡದೆ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಟೆಸ್ಟು, ಸ್ಕ್ಯಾನು ಮಾಡಿಸಿಕೊಂಡವರಲ್ಲಿ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಿರಲಿಲ್ಲ. ಹಾಗಿರುವಾಗ ಮುಟ್ಟು ಯಾವಾಗ ಆಯಿತು ಅಂತಲೂ ಕೇಳದೆ ಈ ಟೆಸ್ಟನ್ನು ಪ್ಯಾಕೇಜಿಗೆ ಸೇರಿಸಿ ಮಾರುವುದು ತಪ್ಪು. ಡಾಕ್ಟರು ಒಂದು ಗಡ್ಡೆ ಕಂಡು, ಅದಕ್ಕಾಗಿ ಬರೆದುಕೊಟ್ಟರೆ ಮಾಡಿಸಿ. ಪ್ಯಾಕೇಜಿನಲ್ಲಿ ಬೇಡ.

ನನ್ನ ಭಯಕ್ಕೆ ಕಾರಣ ಇತ್ತು. ನನ್ನ ದೊಡ್ಡಮ್ಮ, ಅಮ್ಮನ ಅಕ್ಕ, ಅಂಡಾಶಯದ ಕ್ಯಾನ್ಸರಿನಿಂದಲೇ ಹೋದರು. ಆಗ ಅವರಿಗೆ 61. ಏಳೆಂಟು ತಿಂಗಳು ಹೊಟ್ಟೆ ಉಬ್ಬರ ಅನ್ನುತ್ತಿದ್ದರು. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತು ಅಂತ ತಟ್ಟೆ ಸರಿಸುತ್ತಿದ್ದರು. ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರು. ಎಲ್ಲರೂ ಗ್ಯಾಸ್ ಅಂದೆವು. ನಾನೂ ಓಮ ಬಿಸಿನೀರು ಮಾಡಿ ಕೊಟ್ಟಿದ್ದೇನೆ. ಸೀರೆ ಹಿಂದಿನ ಹಾಗೆ ಸುತ್ತಿಕೊಳ್ಳಲು ಆಗುತ್ತಿಲ್ಲ, ಲಂಗದ ಲಾಡಿ ಸಾಲುತ್ತಿಲ್ಲ ಅಂದಾಗ, ಲಂಗ ಅಗಲ ಮಾಡಿಕೊಟ್ಟವಳೂ ನಾನೇ. ಕೊನೆಗೆ ಸ್ಕ್ಯಾನ್ ಮಾಡಿದಾಗ ಎರಡೂ ಅಂಡಾಶಯದಲ್ಲಿ ಗಟ್ಟಿ ಗಡ್ಡೆ, ಹೊಟ್ಟೆ ತುಂಬ ನೀರು.

ಹಾಗಾಗಿ 86 ನೋಡಿದ ಮರುದಿನವೇ ಮನೆಗೆ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದೆ.

ಮೊದಲ ಸ್ಕ್ಯಾನ್. 1,200 ರೂಪಾಯಿ. ಒಂದು ಲೀಟರ್ ನೀರು ಕುಡಿಸಿ ಕೂರಿಸಿದರು. ಹೊಟ್ಟೆ ಮೇಲಿನಿಂದ ಮಾತ್ರ ನೋಡಿದರು. ನಾಲ್ಕೈದು ನಿಮಿಷದಲ್ಲಿ ಮುಗಿಯಿತು. ಮುಟ್ಟಿನ ಬಗ್ಗೆ, ನೋವಿನ ಬಗ್ಗೆ, ಮನೆಯವರ ಕಾಯಿಲೆ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ರಿಪೋರ್ಟಿನಲ್ಲಿ ಬರೆದದ್ದು ಇಷ್ಟು: ಎಡ ಅಂಡಾಶಯದಲ್ಲಿ 6.2 × 5.4 ಸೆಂಟಿಮೀಟರ್ ಕಾಂಪ್ಲೆಕ್ಸ್ ಸಿಸ್ಟ್, ನಿಯೋಪ್ಲಾಸ್ಟಿಕ್ ಇರಬಹುದೇ, ಡಾಕ್ಟರನ್ನು ಕಾಣಿ. ಸಿಸ್ಟ್ ಅಂದರೆ ದ್ರವ ತುಂಬಿದ ಚೀಲ. ನಿಯೋಪ್ಲಾಸ್ಟಿಕ್ ಅಂದರೆ ಹೊಸದಾಗಿ ಬೆಳೆದ ಗಡ್ಡೆ, ಕ್ಯಾನ್ಸರೂ ಆಗಿರಬಹುದು. ನಿಯೋಪ್ಲಾಸ್ಟಿಕ್ ಪದದ ಮುಂದೆ ಒಂದು ಪ್ರಶ್ನೆ ಚಿಹ್ನೆ. ಆ ಚಿಹ್ನೆ ಇಟ್ಟುಕೊಂಡು ನಾನು 9 ದಿನ ಕಳೆದೆ.

ಆ ರಿಪೋರ್ಟ್ ಹಿಡಿದು ತೋರಿಸಿದ ಡಾಕ್ಟರು, ಗರ್ಭಕೋಶ, ಎರಡೂ ಅಂಡಾಶಯ ಎಲ್ಲ ತೆಗೆಸಿಬಿಡಿ, ಹೇಗೂ ಮಕ್ಕಳಾಗಿವೆ ಅಲ್ವಾ ಅಂದರು. ಮುಂದಿನ ವಾರ ಬನ್ನಿ, ಅಡ್ಮಿಟ್ ಮಾಡಿಕೊಳ್ಳೋಣ ಅಂತಲೂ ಅಂದರು. ಪರಿಚಯದ ನರ್ಸ್ ಒಬ್ಬರು, ಸೂಜಿ ಹಾಕಿ ನೀರು ತೆಗೆಸಿದರೆ ಸಾಕು ಅಂದರು. ಎರಡೂ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಆದರೆ ಗಡ್ಡೆ ಯಾವುದು ಅಂತ ಇನ್ನೂ ಯಾರೂ ನೋಡಿರಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಮ್ಮ, ಇಲ್ಲಿ ಒಬ್ಬರು ಬರೀ ಹೆಂಗಸರ ಸ್ಕ್ಯಾನ್ ಮಾಡುವ ಡಾಕ್ಟರಿದ್ದಾರೆ, ಬಾ ಅಕ್ಕ ಅಂದ. ರಾತ್ರಿ ಬಸ್ಸಿಗೆ ಹೊರಟೆ. ರಾಜಾಜಿನಗರದಲ್ಲಿ ಅವನ ಮನೆ. ಸೆಂಟರ್ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ.

ಎರಡನೇ ಸ್ಕ್ಯಾನ್. 2,200 ರೂಪಾಯಿ. ನಾನು ವಿವರವಾಗಿ ಹೇಳಬೇಕಾದದ್ದು ಇದರ ಬಗ್ಗೆಯೇ.

ಮೊದಲು ಕೂರಿಸಿ ಮಾತಾಡಿಸಿದರು. ಮುಟ್ಟು ಯಾವ ತಾರೀಕು? ನೋವು ಮುಟ್ಟಿನಲ್ಲಿ ಮಾತ್ರವೋ, ಬೇರೆ ದಿನವೂ ಇದೆಯೋ? ಗಂಡನ ಜೊತೆ ಇರುವಾಗ ನೋವು ಇದೆಯೇ? ಹೊಟ್ಟೆ ಉಬ್ಬರ ಹೊಸದಾಗಿ ಶುರುವಾಗಿದೆಯೇ, ತಿಂಗಳಲ್ಲಿ ಎಷ್ಟು ದಿನ? ಬೇಗ ಹೊಟ್ಟೆ ತುಂಬುತ್ತದೆಯೇ? ದೊಡ್ಡಮ್ಮನ ವಿಷಯ ಹೇಳಿದಾಗ ಬರೆಯುವುದನ್ನು ನಿಲ್ಲಿಸಿ, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಆಗಿದೆಯೇ ಅಂತ ಕೇಳಿದರು. ಇಲ್ಲ ಅಂದೆ. ದೊಡ್ಡಮ್ಮನ ಮಗಳು ಹರಿಹರದಲ್ಲಿದ್ದಾಳೆ ಅಂತ ಹೇಳಿದ್ದಕ್ಕೆ, ನಿಮಗಿಂತ ಮೊದಲು ಅವರು ಬಿಆರ್‌ಸಿಎ ಅನ್ನುವ ಜೀನ್ ಪರೀಕ್ಷೆ (ಸ್ತನ, ಅಂಡಾಶಯದ ಕ್ಯಾನ್ಸರ್ ವಂಶದಲ್ಲಿ ಬರುವಂಥದ್ದೇ ಅಂತ ನೋಡುವುದು) ಬಗ್ಗೆ ಕ್ಯಾನ್ಸರ್ ಡಾಕ್ಟರ ಹತ್ತಿರ ಮಾತಾಡಲಿ ಅಂದರು. ನಾನು ಸ್ಕ್ಯಾನಿಗೆ ಹೋದವಳು, ನನ್ನ ಅಕ್ಕನ ಬಗ್ಗೆಯೂ ಒಬ್ಬರು ಯೋಚಿಸಿದರು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಆಮೇಲೆ, ಒಳಗಿನಿಂದ, ಅಂದರೆ ಯೋನಿಯ ಮೂಲಕ, ಸ್ಕ್ಯಾನ್ ಮಾಡಬೇಕು, ಒಪ್ಪಿಗೆ ಇದೆಯಾ ಅಂತ ಕೇಳಿದರು. ಇದರ ಬಗ್ಗೆ ನಮ್ಮಲ್ಲಿ ತುಂಬಾ ಸಂಕೋಚ ಇದೆ, ಅದಕ್ಕೆ ಬಿಡಿಸಿಯೇ ಹೇಳುತ್ತೇನೆ. ಇದಕ್ಕೆ ನೀರು ಕುಡಿದು ಕೂರಬೇಕಿಲ್ಲ, ಮೂತ್ರ ಮಾಡಿ ಬರಬೇಕು. ಬೆರಳಿಗಿಂತ ಸ್ವಲ್ಪ ದಪ್ಪದ ಕಡ್ಡಿಯಂಥ ಸಾಧನ, ಅದಕ್ಕೆ ಹೊಸ ಕವಚ, ಮೇಲೆ ಜೆಲ್. ಮೈ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಡಾಕ್ಟರು ಹೆಂಗಸು, ಜೊತೆಗೆ ಇನ್ನೊಬ್ಬ ಹೆಂಗಸು ಇದ್ದರು. ಸ್ವಲ್ಪ ಒತ್ತಿದ ಹಾಗೆ ಆಗುತ್ತದೆ ಅಷ್ಟೇ. ಸಾಧನ ಅಂಡಾಶಯದ ಪಕ್ಕಕ್ಕೇ ಹೋಗುವುದರಿಂದ ಒಳಗಿನದು ಸ್ಪಷ್ಟವಾಗಿ ಕಾಣುತ್ತದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆ ಮೇಲಿನಿಂದಲೇ ನೋಡುತ್ತಾರೆ.

25 ನಿಮಿಷ ನೋಡಿದರು. ಪರದೆಯನ್ನು ನನ್ನ ಕಡೆಗೂ ತಿರುಗಿಸಿದ್ದರು. ನೋಡುತ್ತಾ ನೋಡುತ್ತಾ ಹೇಳುತ್ತಿದ್ದರು. ನಾನು ಟೈಲರ್ ಅಂತ ಗೊತ್ತಾದ ಮೇಲೆ, ನೋಡಮ್ಮ, ಚೀಲದ ಲೈನಿಂಗ್ ನೋಡುತ್ತಿದ್ದೇನೆ ಅಂದರು. ನನಗೆ ಆಗ ಎಲ್ಲ ಅರ್ಥವಾಗತೊಡಗಿತು.

ಚೀಲದಲ್ಲಿ ಒಂದೇ ಕೋಣೆ ಇದೆಯೋ, ಗೋಡೆ ಎದ್ದು ಹಲವು ಕೋಣೆ ಆಗಿದೆಯೋ? ನನ್ನದು ಒಂದೇ. ಒಳಗಿನ ಗೋಡೆ ನಯವಾಗಿದೆಯೋ, ಅಲ್ಲಲ್ಲಿ ಹೂಕೋಸಿನ ಮೊಗ್ಗಿನಂತೆ ಮಾಂಸ ಎದ್ದಿದೆಯೋ? 3 ಮಿಲಿಮೀಟರ್ ಎದ್ದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರಂತೆ. ಅಂಥ ಮೊಗ್ಗು ನಾಲ್ಕು ಅಥವಾ ಜಾಸ್ತಿ ಇದ್ದರೆ ಕೆಟ್ಟ ಗುರುತು. ನನ್ನದರಲ್ಲಿ ಒಂದೂ ಇರಲಿಲ್ಲ. ಗಟ್ಟಿ ಭಾಗ ಇದೆಯೇ? ಅಂಚು ಅಂಕುಡೊಂಕಾದ ಗಟ್ಟಿ ಗಡ್ಡೆ ಕೆಟ್ಟದ್ದರ ಗುರುತು. ಇಲ್ಲ. ಮಷಿನ್ನಿನ ಪರದೆಯಲ್ಲಿ ಕಲರ್ ಹಾಕಿ ರಕ್ತ ಹರಿಯುವುದನ್ನು ನೋಡಿದರು. ಕ್ಯಾನ್ಸರ್ ಗಡ್ಡೆ ಬೇಗ ಬೆಳೆಯಲು ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದೆ, ಹಾಗಾಗಿ ಪರದೆ ತುಂಬ ಕೆಂಪು, ನೀಲಿ ಬಣ್ಣ ಕಾಣುತ್ತದೆ. ಅದಕ್ಕೆ 1ರಿಂದ 4ರವರೆಗೆ ಅಂಕ ಕೊಡುತ್ತಾರೆ. ನನ್ನ ಚೀಲದಲ್ಲಿ ಬಣ್ಣವೇ ಬರಲಿಲ್ಲ, ಅಂಕ 1. ಹೊಟ್ಟೆಯಲ್ಲಿ ನೀರು ಇದೆಯೇ? ಇಲ್ಲ. ಇನ್ನೊಂದು ಅಂಡಾಶಯ ನೋಡಿದರು. ಕೊನೆಗೆ ಹೊಟ್ಟೆ ಮೇಲಿನಿಂದ ಲಿವರ್ ಸುತ್ತಮುತ್ತಲೂ ನೋಡಿದರು.

ಮೊದಲ ಕಡೆ ಕಾಂಪ್ಲೆಕ್ಸ್ ಅಂತ ಬರೆದದ್ದು ಯಾಕೆ ಅಂತ ಕೇಳಿದೆ. ಒಳಗಿರುವುದು ತಿಳಿನೀರಲ್ಲ, ಹಳೆಯ ರಕ್ತ ಅಂದರು. ಅದು ಪರದೆಯಲ್ಲಿ ಕಪ್ಪಗೆ ಕಾಣದೆ, ಬಾತ್‌ರೂಮಿನ ಮಬ್ಬು ಗಾಜಿನ ಹಾಗೆ ಒಂದೇ ಸಮ ಬೂದು ಬಣ್ಣದಲ್ಲಿ ಕಾಣುತ್ತದೆ. ಗರ್ಭಕೋಶದ ಒಳಪದರದಂಥದ್ದೇ ಪದರ ಅಂಡಾಶಯದಲ್ಲಿ ಬೆಳೆದು, ತಿಂಗಳು ತಿಂಗಳು ಅಲ್ಲೇ ರಕ್ತ ಸುರಿದು, ಹೊರಗೆ ಹೋಗಲು ದಾರಿ ಇಲ್ಲದೆ ಕಟ್ಟಿಕೊಂಡದ್ದು. ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ಸಾಧನದಿಂದ ಮೆಲ್ಲಗೆ ಒತ್ತಿ, ಅಂಡಾಶಯ ಗರ್ಭಕೋಶದ ಹಿಂದೆ ಅಂಟಿಕೊಂಡಿರುವುದನ್ನೂ ತೋರಿಸಿದರು. ಆರೋಗ್ಯವಾಗಿದ್ದರೆ ಜಾರಬೇಕಂತೆ, ನನ್ನದು ಜಾರಲಿಲ್ಲ. ಇಷ್ಟು ವರ್ಷದ ನೋವಿಗೆ ಅಲ್ಲಿ ಕಾರಣ ಸಿಕ್ಕಿತು. ಎಲ್ಲ ಹೆಂಗಸರಿಗೂ ಇರುತ್ತೆ ಸುಮ್ನಿರು ಅಂತ ಕೇಳಿಕೊಂಡೇ ಬಂದಿದ್ದೆ. ಎಲ್ಲರಿಗೂ ಇರುವುದಿಲ್ಲ.

ಈ ನೋಡುವ ಕ್ರಮ ಆ ಡಾಕ್ಟರು ತಾವೇ ಮಾಡಿಕೊಂಡದ್ದಲ್ಲ. ಅಯೋಟಾ ಅಂತ 1999ರಲ್ಲಿ ಯುರೋಪಿನ ಡಾಕ್ಟರುಗಳು ಶುರು ಮಾಡಿದ ಗುಂಪು ಇದೆ. 2008ರಲ್ಲಿ ಅವರು ಸರಳ ನಿಯಮ ಅಂತ ಪ್ರಕಟಿಸಿದರು. ಒಳ್ಳೆಯದರ ಗುರುತು 5, ಕೆಟ್ಟದ್ದರ ಗುರುತು 5. ಒಳ್ಳೆಯವು ಮಾತ್ರ ಸಿಕ್ಕರೆ ನಿರಪಾಯದ ಗಡ್ಡೆ. ಕೆಟ್ಟವು ಮಾತ್ರ ಸಿಕ್ಕರೆ ಕ್ಯಾನ್ಸರ್ ಅಂತ ತಿಳಿದು ಮುಂದೆ ಹೋಗಬೇಕು. ಎರಡೂ ಬೆರೆತಿದ್ದರೆ ಅಥವಾ ಒಂದೂ ಸಿಗದಿದ್ದರೆ, ಇನ್ನೂ ಹೆಚ್ಚು ಅನುಭವ ಇರುವವರಿಗೆ ತೋರಿಸಬೇಕು, ಕೆಲವೊಮ್ಮೆ ಎಂಆರ್‌ಐ ಮಾಡಿಸಬೇಕು. ಮೂರನೇ ಗುಂಪು ಇಟ್ಟಿರುವುದು ನನಗೆ ಬಹಳ ಹಿಡಿಸಿತು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತ ಹೇಳಲು ಅದರಲ್ಲಿ ಜಾಗ ಇದೆ.

ರಿಪೋರ್ಟಿನ ಕೊನೆಯಲ್ಲಿ ಓ-ರ್‍ಯಾಡ್ಸ್ 2 ಅಂತ ಬರೆದಿದ್ದರು. ಇದು ಅಮೆರಿಕದ ರೇಡಿಯಾಲಜಿ ಡಾಕ್ಟರುಗಳ ಅಂಕ. 2 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 1ಕ್ಕಿಂತ ಕಡಿಮೆ. 3 ಅಂದರೆ 1ರಿಂದ 10ರ ಒಳಗೆ. 4 ಅಂದರೆ 10ರಿಂದ 50ರ ಒಳಗೆ. 5 ಅಂದರೆ 50 ಅಥವಾ ಜಾಸ್ತಿ. ನಿಮ್ಮ ರಿಪೋರ್ಟಿನಲ್ಲಿ ಇದು ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ.

ಆ ರಿಪೋರ್ಟ್ ತೆಗೆದುಕೊಂಡು ಅಲ್ಲೇ ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕಂಡೆ. ಅವರು ಚೀಟಿಯ ಹಿಂದೆ ಒಂದು ಗುಣಾಕಾರ ಮಾಡಿ ತೋರಿಸಿದರು. 1990ರಿಂದ ಬಳಕೆಯಲ್ಲಿರುವ ಲೆಕ್ಕ. ಸ್ಕ್ಯಾನಿನಲ್ಲಿ ಐದು ವಿಷಯ ನೋಡಬೇಕು: ಹಲವು ಕೋಣೆ, ಗಟ್ಟಿ ಭಾಗ, ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆ ಕಡೆ ಹರಡಿರುವುದು. ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಜಾಸ್ತಿ ಇದ್ದರೆ 3. ಮುಟ್ಟು ಇನ್ನೂ ಆಗುತ್ತಿದ್ದರೆ 1, ನಿಂತಿದ್ದರೆ 3. ಈ ಎರಡನ್ನೂ ಗುಣಿಸಿ, ಅದನ್ನು ಸಿಎ-125ರಿಂದ ಗುಣಿಸಬೇಕು. 200 ದಾಟಿದರೆ, ಕೆಲವು ಕಡೆ 250, ಕ್ಯಾನ್ಸರ್ ಸರ್ಜನ್ ಹತ್ತಿರ ಕಳಿಸುತ್ತಾರೆ. ನನ್ನದು 0 × 1 × 86. ಉತ್ತರ ಸೊನ್ನೆ. ದೊಡ್ಡಮ್ಮನ ಸಿಎ-125 ಸಾವಿರ ದಾಟಿತ್ತು ಅಂತ ನೆನಪಿತ್ತು. ಅವರದ್ದು 3 × 3 × 1000. ಚೀಟಿಯ ಮೇಲೆ ಎರಡೂ ಲೆಕ್ಕ ಮೇಲೆ ಕೆಳಗೆ ಇದ್ದವು. ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಸೂಜಿ ಹಾಕುವ ಮಾತನ್ನೂ ಅವರಿಗೆ ಕೇಳಿದೆ. ಅನುಮಾನ ಇರುವ ಗಡ್ಡೆಗೆ ಹೊರಗಿನಿಂದ ಸೂಜಿ ಚುಚ್ಚಬಾರದು ಅಂದರು. ಒಂದು ವೇಳೆ ಕ್ಯಾನ್ಸರ್ ಇದ್ದು, ಅದು ಅಂಡಾಶಯದ ಒಳಗೇ ಭದ್ರವಾಗಿದ್ದರೆ, ಚುಚ್ಚಿದಾಗ ಹೊಟ್ಟೆಯೊಳಗೆ ಸೋರುತ್ತದೆ. 1ಎ ಹಂತದಲ್ಲಿ ಮುಗಿಯಬೇಕಾದದ್ದು 1ಸಿ ಆಗುತ್ತದೆ. ಎರಡೂ ಅಂಡಾಶಯ ತೆಗೆಸುವ ಬಗ್ಗೆ, 43ಕ್ಕೆ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ, ಸರಿಯಾದ ಕಾರಣ ಇಲ್ಲದೆ ಮಾಡಬಾರದು ಅಂದರು. ಮೂರು ತಿಂಗಳು ಮಾತ್ರೆ ಕೊಟ್ಟು ನೋಡಿದರು. ನೋವು ಪೂರ್ತಿ ಹೋಗಲಿಲ್ಲ, ಗಡ್ಡೆಯೂ ಅಷ್ಟೇ ಇತ್ತು. ಲ್ಯಾಪರೋಸ್ಕೋಪಿಯಲ್ಲಿ ಗಡ್ಡೆ ಮಾತ್ರ ತೆಗೆದರು, ಅಂಡಾಶಯ ಉಳಿಸಿದರು. ಬಯಾಪ್ಸಿ 8 ದಿನಕ್ಕೆ ಬಂತು: ಎಂಡೊಮೆಟ್ರಿಯಾಟಿಕ್ ಸಿಸ್ಟ್, ಅಂದರೆ ಅದೇ ಚಾಕೊಲೇಟ್ ಸಿಸ್ಟ್, ಕ್ಯಾನ್ಸರ್ ಇಲ್ಲ. ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಕೊನೆಯ ಮಾತು ಬಯಾಪ್ಸಿಯದ್ದೇ ಅಂತ ಅವರು ಮೊದಲೇ ಹೇಳಿದ್ದರು. ಎಂಡೊಮೆಟ್ರಿಯೋಸಿಸ್ ಇರುವವರಿಗೆ ಮುಂದೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದಿದ್ದಾರೆ. ಹೋಗುತ್ತೇನೆ.

ಎರಡನೇ ಸೆಂಟರಿನ ಕೊರತೆಗಳನ್ನೂ ಹೇಳಬೇಕು. 10 ಗಂಟೆಗೆ ಅಪಾಯಿಂಟ್‌ಮೆಂಟ್ ಕೊಟ್ಟು 12ಕ್ಕೆ ಕರೆದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಸೀರೆ ನೇತುಹಾಕಲು ಒಂದು ಮೊಳೆಯೂ ಇಲ್ಲ. ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡ್ ಕನ್ನಡದಲ್ಲಿ ದೊಡ್ಡದಾಗಿ ಇದೆ, ಆದರೆ ರಿಪೋರ್ಟ್ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿದೆ. ಡಾಕ್ಟರು ಬಾಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನು ಕೊನೆಯಲ್ಲಿ ನಾಲ್ಕು ಸಾಲು ಕನ್ನಡದಲ್ಲೇ ಬರೆದುಕೊಟ್ಟರೆ ಎಷ್ಟು ಜನಕ್ಕೆ ಅನುಕೂಲ. ಬಿಲ್ಲಿಂಗ್‌ನಲ್ಲಿ ಕೂತ ಹುಡುಗಿಗೆ ಇದನ್ನು ಹೇಳಿ ಬಂದೆ. ಬರೆದುಕೊಂಡಳು. ದುಡ್ಡು ಮೊದಲ ಕಡೆಗಿಂತ 1,000 ರೂಪಾಯಿ ಜಾಸ್ತಿ, ಬಸ್ ಖರ್ಚು ಬೇರೆ. ನನಗೆ ಅದು ಎರಡು ದಿನದ ದುಡಿಮೆ. ಆದರೂ ಬೇಸರವಿಲ್ಲ. ಐದು ನಕ್ಷತ್ರದಲ್ಲಿ ನಾಲ್ಕೂವರೆ ಕೊಡುತ್ತೇನೆ. ಮೊದಲನೆಯದಕ್ಕೆ ಒಂದು, ಗಡ್ಡೆ ಇದೆ ಅಂತ ಕಂಡುಹಿಡಿದದ್ದಕ್ಕೆ.

ಹೋಗುವವರಿಗೆ: ಬೆಳಿಗ್ಗೆಯ ಮೊದಲ ಸಮಯ ಕೇಳಿ. ಕಳೆದ ಮೂರು ಮುಟ್ಟಿನ ತಾರೀಕು ಬರೆದುಕೊಂಡು ಹೋಗಿ. ಹಳೆಯ ಸ್ಕ್ಯಾನ್ ಇದ್ದರೆ ಫಿಲ್ಮ್ ಸಮೇತ ಒಯ್ಯಿರಿ. ಮುಟ್ಟು ನಿಂತ ಮೇಲೆ ಹೊಟ್ಟೆ ಉಬ್ಬರ ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಇಳಿಯದಿದ್ದರೆ, ಗ್ಯಾಸ್ ಮಾತ್ರೆಯ ಜೊತೆಗೆ ಒಂದು ಸ್ಕ್ಯಾನ್ ಕೂಡ ಕೇಳಿ. ಹರಿಹರದ ಅಕ್ಕನನ್ನು ಮುಂದಿನ ತಿಂಗಳು ಜೀನ್ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿ ಹೇಗಿತ್ತು ಅಂತ ಬಂದು ಬರೆಯುತ್ತೇನೆ.